ಓಬವ್ವನ ಒನಕೆ ಯಾರೂ ಎತ್ತಿಡಲಿಲ್ಲ

2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ಅದಾಗಿ ವಾರ ಕಳೆದಿರಲಿಲ್ಲ, ಸೋದರಮಾವ ಫೋನ್ ಮಾಡಿದರು. "ಅಳಿಯ, ಭಾನುವಾರ ಕಾರ್ ತಗಂಡ್ ಬಾ. ಕೋವಿ ಒಪ್ಪಿಸಿ ಬರಾನ."

ಪರವಾನಗಿ ಇರುವ ಮನೆಗಳಿಗೆ ಇದು ಹೊಸದಲ್ಲ. ಚುನಾವಣೆ ಬಂತೆಂದರೆ ಬಂದೂಕು ಪೊಲೀಸ್ ಠಾಣೆಗೆ ಹೋಗಬೇಕು. ಫಲಿತಾಂಶ ಬಂದು ನೀತಿಸಂಹಿತೆ ಮುಗಿದ ಮೇಲೆ ವಾಪಸ್. ಮಾವನದು ಹೊಳಲ್ಕೆರೆ ಕಡೆ ಅಡಿಕೆ ತೋಟ. ರಾತ್ರಿ ಹಂದಿ ನುಗ್ಗುತ್ತವೆ, ಒಮ್ಮೊಮ್ಮೆ ಕರಡಿ. ಹೊಡೆಯುವುದಕ್ಕಲ್ಲ, ಸದ್ದು ಮಾಡಿ ಓಡಿಸುವುದಕ್ಕೆ ಅಂತ ತಾತ ತೆಗೆದುಕೊಂಡಿದ್ದ ಬೆಳೆ ರಕ್ಷಣೆಯ ಪರವಾನಗಿ ಅದು. ತಾತ ಹೋದ ಮೇಲೆ ಮಾವನ ಹೆಸರಿಗೆ ಬಂತು. ಬಂದೂಕು ಮಾತ್ರ ಅದೇ. ಜೋಡುನಳಿಗೆ, ಹನ್ನೆರಡು ಬೋರು, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು. ಹಳೆ ಜಮಖಾನದಲ್ಲಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

ಠಾಣೆಯ ಮುಂದೆ ಹತ್ತು ಜನರ ಸಾಲು. ನಮ್ಮ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಅವರ ಕೈಯಲ್ಲಿ ಕೇಪಿನ ಕೋವಿ. ತೋಟಾ ಹಾಕುವುದಲ್ಲ, ನಳಿಗೆಯ ಬಾಯಿಂದ ಮದ್ದು ತುಂಬುವ ಜಾತಿಯದು. ಹಿಡಿ ಎಂದೋ ಸೀಳಿದ್ದಿರಬೇಕು, ತಾಮ್ರದ ತಂತಿ ಸುತ್ತಿ ಬಿಗಿದಿದ್ದರು. ಹೆಗಲಿಗೆ ಹಾಕುವ ಪಟ್ಟಿಯ ಬದಲು ಎತ್ತಿನ ಮೂಗುದಾರದಂಥ ಹಗ್ಗ. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣು ನಮ್ಮ ಜಮಖಾನದ ಮೇಲೆ.

ಹಿಂದೆ ನಿಂತಿದ್ದ ಹುಡುಗನೊಬ್ಬ ಮಾವನಿಗೆ ಹೇಳಿದ. "ಯಜಮಾನ್ರೆ, ಇದು ಆ್ಯಂಟಿಕ್ ಪೀಸು. ನಾನು ಯೂಟ್ಯೂಬಲ್ಲಿ ನೋಡೀನಿ. ಲಕ್ಷಗಟ್ಲೆ ಬರುತ್ತೆ."

ಅಷ್ಟೇ ಸಾಕಾಯಿತು. ವಾಪಸ್ ಬರುವಾಗ ಚಿಕ್ಕಜಾಜೂರು ದಾಟುವವರೆಗೂ ಮಾವ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು. "ಅಲ್ಲಪ್ಪಾ, ತಾತ ಇದನ್ನ ತಗಂಡಾಗ ಲಕ್ಷ ಬರುತ್ತೆ ಅಂತ ಗೊತ್ತಿತ್ತಾ? ಈಗಿನವರು ತಗಳೋ ಬಂದೂಕುಗಳಲ್ಲಿ ಯಾವುದಕ್ಕೆ ಐವತ್ತು ವರ್ಷಕ್ಕೆ ಹಂಗೆ ಬೆಲೆ ಬಂದೀತು?"

ನನಗೆ ಬಂದೂಕಿನ ಪರವಾನಗಿ ಇಲ್ಲ. ಬೇಕು ಅಂತಲೂ ಅನಿಸಿಲ್ಲ. ಆದರೆ ಹಳೆ ವಸ್ತುಗಳ ಹುಚ್ಚು ಇದೆ. ಹರಾಜಿನ ಕ್ಯಾಟಲಾಗುಗಳನ್ನು ಬೇರೆಯವರು ಕಾದಂಬರಿ ಓದಿದ ಹಾಗೆ ಓದುತ್ತೇನೆ. ಹಾಗಾಗಿ ಮಾವನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಂಥ ಊಹೆಯಲ್ಲಿ ನನ್ನ ದಾಖಲೆ ಚೆನ್ನಾಗಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಸುದ್ದಿ ಬಂತು. ದಾವಣಗೆರೆಗೆ ಓಡಿ ನಾಲ್ಕು ವಾಚ್ ತಂದೆ. ಬೆಣ್ಣೆದೋಸೆಯನ್ನೂ ತಿನ್ನದೆ ಬಂದೆ ಅಂದರೆ ನನ್ನ ಆತುರ ಎಷ್ಟಿತ್ತು ನೋಡಿ. ಅಂಗಡಿಯವರು ನಗುತ್ತಾ, "ಈ ವಾರ ನೀವೇ ಹದಿನೈದನೆಯವರು ಸಾರ್" ಅಂದಿದ್ದರು. ಅಲ್ಲೇ ನನಗೆ ಅರ್ಥವಾಗಬೇಕಿತ್ತು. ಆ ನಾಲ್ಕೂ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇವೆ. ಆ ಹದಿನಾಲ್ಕು ಜನರ ಮನೆಯಲ್ಲೂ ಹಾಗೇ ಇರುತ್ತವೆ. ಎಲ್ಲರೂ ಎತ್ತಿಟ್ಟ ಮೇಲೆ ಅಪರೂಪ ಎಲ್ಲಿಂದ ಬರಬೇಕು?

ಇದೇ ಕತೆ ಅಮೆರಿಕದಲ್ಲಿ ಬಂದೂಕಿನ ಲೋಕದಲ್ಲೂ ನಡೆದಿದೆ. ವಿಂಚೆಸ್ಟರ್ ಕಂಪನಿ 1960ರ ದಶಕದಿಂದ ಸ್ಮರಣಾರ್ಥ ಬಂದೂಕುಗಳನ್ನು ಬಿಡತೊಡಗಿತು. ಒಂದು ರಾಜ್ಯಕ್ಕೆ ಇಷ್ಟು ವರ್ಷ ತುಂಬಿತು ಅಂತ ಒಂದು, ಒಬ್ಬ ವೀರನ ನೆನಪಿಗೆ ಇನ್ನೊಂದು. 1966ರಲ್ಲಿ ಕಂಪನಿಗೇ ನೂರು ವರ್ಷ. ಆಗ ಬಿಟ್ಟ ರೈಫಲ್ಲಿಗೆ ಚಿನ್ನದ ಬಣ್ಣದ ಲೇಪ ಬೇರೆ. ಒಂದು ಲಕ್ಷಕ್ಕೂ ಹೆಚ್ಚು ಮಾಡಿ ಮಾರಿದರು. ಕೊಂಡವರು ಒಂದು ಗುಂಡನ್ನೂ ಹಾರಿಸದೆ ಪೆಟ್ಟಿಗೆ ಸಮೇತ ಅಟ್ಟ ಸೇರಿಸಿದರು, ಮೊಮ್ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆ ಅಂತ. ಮೊಮ್ಮಕ್ಕಳು ಪೆಟ್ಟಿಗೆ ತೆಗೆದು ಮಾರಲು ಹೋದಾಗ ಪಕ್ಕದ ಮನೆಯ ಮೊಮ್ಮಕ್ಕಳೂ ಅದೇ ಪೆಟ್ಟಿಗೆ ಹಿಡಿದು ನಿಂತಿದ್ದರು. ಬೆಲೆ ಬರಲಿಲ್ಲ. ಪೆಟ್ಟಿಗೆ ಕಳೆದವರಿಗಂತೂ ಇನ್ನೂ ಕಡಿಮೆ.

ಅದೇ ಕಂಪನಿಯ ಮಾಡೆಲ್ 70 ಎಂಬ ಬೇಟೆ ರೈಫಲ್ 1936ರಿಂದ ಇತ್ತು. ಯಾರೂ ಅದನ್ನು ಎತ್ತಿಡಲು ಕೊಳ್ಳಲಿಲ್ಲ. ಕಾಡಿಗೆ ಒಯ್ದರು, ಮಳೆಯಲ್ಲಿ ನೆನೆಸಿದರು, ಜೀಪಿನಲ್ಲಿ ಎಸೆದರು. 1964ರಲ್ಲಿ ಕಂಪನಿ ಖರ್ಚು ಉಳಿಸಲು ಹೊರಟಿತು. ಮರದ ಹಿಡಿಯ ಮೇಲೆ ಕೈಯಿಂದ ಕೊರೆಯುತ್ತಿದ್ದ ಗೀರುಗಳನ್ನು ಅಚ್ಚು ಒತ್ತಿ ಮೂಡಿಸಿದರು. ಒಳಗೆ ತೋಟಾವನ್ನು ಹಿಡಿದು ಒಯ್ಯುವ ವ್ಯವಸ್ಥೆಯನ್ನೂ ಅಗ್ಗ ಮಾಡಿದರು. ಬೇಟೆಗಾರರು ಕೈಗೆ ತಗೊಂಡ ಕೂಡಲೇ ಗುರುತಿಸಿದರು. ಅವತ್ತಿನಿಂದ 1964ಕ್ಕಿಂತ ಮುಂಚಿನದು ಅನ್ನುವುದೇ ಒಂದು ಜಾತಿಯಾಯಿತು, ಬೆಲೆ ಬೇರೆಯಾಯಿತು. ನಮ್ಮಲ್ಲಿ "ಅದು ಮೈಸೂರಿನ ಫ್ಯಾಕ್ಟರಿಯ ಯೆಜ್ಡಿ" ಅನ್ನುವಾಗ ದನಿ ಬದಲಾಗುತ್ತದಲ್ಲ, ಹಾಗೆ.

ನನಗೆ ತುಂಬಾ ಇಷ್ಟವಾದದ್ದು ಸಿಂಗರ್ ಕತೆ. ಹೌದು, ಅದೇ ಹೊಲಿಗೆ ಮಷೀನಿನ ಸಿಂಗರ್. ನಮ್ಮ ದೊಡ್ಡಮ್ಮನ ಮನೆಯಲ್ಲಿ ಇತ್ತು, ನಿಮ್ಮ ಮನೆಯಲ್ಲೂ ಇದ್ದಿರಬಹುದು. ಎರಡನೇ ಮಹಾಯುದ್ಧ ಹತ್ತಿರ ಬಂದಾಗ ಅಮೆರಿಕದ ಸರ್ಕಾರ ಬೇರೆ ಬೇರೆ ಕಂಪನಿಗಳಿಗೆ ಆಯುಧ ಮಾಡುವುದನ್ನು ಕಲಿಸಲು ಸಣ್ಣ ಸಣ್ಣ ಆರ್ಡರ್ ಕೊಟ್ಟಿತು. ಸಿಂಗರ್‌ಗೆ ಸಿಕ್ಕಿದ್ದು 500 ಪಿಸ್ತೂಲು. ಅಷ್ಟನ್ನು ಮಾಡಿಕೊಟ್ಟು ಅವರು ಬೇರೆ ಯುದ್ಧಸಾಮಗ್ರಿಯ ಕೆಲಸಕ್ಕೆ ಹೋದರು. ಪಿಸ್ತೂಲುಗಳು ಸೈನ್ಯಕ್ಕೆ ಹೋದವು. ಕೆಲವು ಕಳೆದವು, ಕೆಲವು ಕೆಟ್ಟವು. ಉಳಿದದ್ದು ಇವತ್ತು ಹರಾಜಿಗೆ ಬಂದರೆ ಲಕ್ಷಗಟ್ಟಲೆ ಡಾಲರ್. 1941ರಲ್ಲಿ ಅದನ್ನು ಸೊಂಟಕ್ಕೆ ಸಿಗಿಸಿಕೊಂಡ ಸೈನಿಕನಿಗೆ, ಹೊಲಿಗೆ ಮಷೀನಿನವರು ಮಾಡಿದ್ದು ಅಂತ ನಗು ಬಂದಿತ್ತೇನೋ.

ಇನ್ನೊಂದು ಬಗೆಯ ಬೆಲೆ ಇದೆ. ಅದು ವಸ್ತುವಿನ ಗುಣದಿಂದ ಬರುವುದಲ್ಲ, ಬಾಗಿಲು ಮುಚ್ಚುವುದರಿಂದ ಬರುವುದು. 1986ರ ಮೇ 19ರಂದು ಅಮೆರಿಕದಲ್ಲಿ ಸಾಮಾನ್ಯ ಜನರಿಗಾಗಿ ಹೊಸ ಮೆಷಿನ್ ಗನ್ ನೋಂದಾಯಿಸುವುದು ನಿಂತಿತು. ಅಲ್ಲಿಯವರೆಗೆ ನೋಂದಾಯಿಸಿದ್ದವು ಮಾತ್ರ ಕೈ ಬದಲಾಗಬಹುದು. ಹೊಸದು ಬರಲ್ಲ, ಹಳೆಯದು ಹೆಚ್ಚಲ್ಲ. ಬೆಲೆ ಹತ್ತಾರು ಸಾವಿರ ಡಾಲರ್‌ಗೆ ಏರಿತು.

ನಮ್ಮ ದೇಶದ್ದೂ ಹೆಚ್ಚುಕಡಿಮೆ ಇದೇ ಕತೆ. 1980ರ ದಶಕದಲ್ಲಿ ಸಾಮಾನ್ಯರು ವಿದೇಶಿ ಬಂದೂಕು ತರಿಸುವ ದಾರಿ ಮುಚ್ಚಿಹೋಯಿತು. ಅಲ್ಲಿಯವರೆಗೆ ಬಂದವೇ ಇಂದಿಗೂ ಕೈಯಿಂದ ಕೈಗೆ ಓಡಾಡುತ್ತಿವೆ. ಇಂಗ್ಲೆಂಡಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ಒಂದು ಸಾಧಾರಣ .32 ವೆಬ್ಲಿ ರಿವಾಲ್ವರ್ ಇಲ್ಲಿ ಲಕ್ಷಗಳಲ್ಲಿ ಮಾರಾಟವಾಗಿದ್ದು ಅದಕ್ಕೇ. ಹುಡುಗ ಯೂಟ್ಯೂಬಿನಲ್ಲಿ ನೋಡಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ಬಂದೂಕಿನ ಬೆಲೆಯಲ್ಲ, ಮುಚ್ಚಿದ ಬಾಗಿಲಿನ ಬೆಲೆ. ಬಾಗಿಲು ಮತ್ತೆ ತೆರೆದರೆ? 2020ರಿಂದ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಸಂಡೀಲಾದಲ್ಲೇ ತಯಾರಾಗುತ್ತಿದೆ. ಗುಂಡು ಹಾರಬೇಕು ಅನ್ನುವವರಿಗೆ ಇನ್ನು ಹಳೆಯದು ಬೇಕಿಲ್ಲ. ಹಳೆಯದೇ ಬೇಕು ಅನ್ನುವವರು ಮಾತ್ರ ಉಳಿಯುತ್ತಾರೆ. ಅವರು ಸುಮ್ನೆ ಹೆಸರು ನೋಡಿ ದುಡ್ಡು ಬಿಚ್ಚುವವರಲ್ಲ. ಕನ್ನಡಕ ಏರಿಸಿ ತಿರುವಿ ತಿರುವಿ ನೋಡುತ್ತಾರೆ.

ಇಲ್ಲಿ ನನ್ನ ಪಾಪ ಹೇಳಿಕೊಳ್ಳಬೇಕು.

ಆಗ ನಾನು ಏಳನೇ ಕ್ಲಾಸು. ಆಯುಧ ಪೂಜೆಗೆ ತಾತನ ಮನೆಗೆ ಹೋಗಿದ್ದೆ. ಟ್ರ್ಯಾಕ್ಟರ್, ನೇಗಿಲು, ಕುಡುಗೋಲು, ಪಂಪ್‌ಸೆಟ್ಟು ಎಲ್ಲಕ್ಕೂ ವಿಭೂತಿ ಕುಂಕುಮ. ಬಂದೂಕು ಖಾಲಿ ಮಾಡಿ ಜಗಲಿ ಮೇಲೆ ಚಾಪೆ ಹಾಸಿ ಇಟ್ಟಿದ್ದರು. ಕಪ್ಪು ಹಿಡಿದಂತೆ ಕಾಣುತ್ತಿತ್ತು. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ಬೆಳಗುವುದನ್ನು ನೋಡಿ ಬೆಳೆದ ಹುಡುಗ ನಾನು. ಹಬ್ಬದ ದಿನ ಕೊಳಕಾಗಿರುವುದಾ ಅನಿಸಿತು. ಪಂಪ್‌ಹೌಸಿನಿಂದ ಎಮರಿ ಪೇಪರ್ ತಂದೆ. ಕೊಬ್ಬರಿ ಎಣ್ಣೆ ಬಿಟ್ಟು ಒಂದು ಗಂಟೆ ಉಜ್ಜಿದೆ. ಬೆಳ್ಳಿ ಹಾಗೆ ಹೊಳೆಯಿತು. ಸಾಲದು ಅಂತ ಬಾಗಿಲಿಗೆ ಬಳಿದು ಮಿಕ್ಕಿದ್ದ ವಾರ್ನಿಷನ್ನು ಮರದ ಹಿಡಿಗೆ ಬಳಿದೆ.

ತಾತ ಬಂದು ನೋಡಿದರು. ಬೈಯಲಿಲ್ಲ. ನಳಿಗೆಗಳ ನಡುವೆ ಕಂಪನಿ ಹೆಸರು ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. "ಹೊಸದಾಯ್ತು ಬಿಡು" ಅಂದು ಕುಂಕುಮ ಇಟ್ಟರು.

ಉಕ್ಕಿನ ಮೇಲಿನ ಆ ಕಪ್ಪು ನೀಲಿ ಕೊಳಕಲ್ಲ, ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಮಾಡಿದ ಹದ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಂದೂಕಿನ ಕುದುರೆಯ, ಅಂದರೆ ಟ್ರಿಗರಿನ, ಸುತ್ತಲಿನ ಉಕ್ಕಿನ ಮೇಲೆ, ಮಳೆ ನೀರಿನಲ್ಲಿ ಬಿದ್ದ ಪೆಟ್ರೋಲಿನಂಥ ಬಣ್ಣಗಳಿದ್ದವು. ಅವೂ ಹೋದವು. ಹಳೆ ಬಂದೂಕು ಕೊಳ್ಳುವವನು ಮೊದಲು ಕೇಳುವುದೇ ಅದನ್ನು. ಮೂಲದ ಹೊಳಪು ಎಷ್ಟು ಉಳಿದಿದೆ, ಬಿಡಿಭಾಗಗಳ ಮೇಲಿನ ನಂಬರುಗಳು ಒಂದಕ್ಕೊಂದು ಹೊಂದುತ್ತವಾ, ಮುದ್ರೆಗಳು ಓದಲು ಬರುತ್ತವಾ. ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ 1813ರಿಂದ ಇದೆ. ಆ ಮುದ್ರೆಯಲ್ಲಿ ಒಂದು ಪುಟ್ಟ ಕಿರೀಟ ಇರುತ್ತದೆ. ನಮ್ಮ ಬಂದೂಕಿನಲ್ಲಿ ಕಿರೀಟದ ಅರ್ಧ ಉಳಿದಿದೆ. ಉಳಿದರ್ಧ ನನ್ನ ಎಮರಿ ಪೇಪರಿಗೆ ಹೋಯಿತು. ಕಾರಿನಲ್ಲಿ ಮಾವನಿಗೆ ಇದನ್ನು ಹೇಳಿದಾಗ ಅವರು ಸುಮಾರು ಹೊತ್ತು ಕಿಟಕಿಯಾಚೆ ನೋಡಿದರು. "ಹಂಗಾದ್ರೆ ಲಕ್ಷ ತಿಂದವನು ನೀನೇ" ಅಂದರು.

ಸರಿ, ಈಗಿನ ಬಂದೂಕುಗಳಿಗೆ ಬರೋಣ.

ಗ್ಲಾಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡ ಪ್ಲಾಸ್ಟಿಕ್ ಮೈಯ ಪಿಸ್ತೂಲು. ಈಗ ಪ್ರಪಂಚದ ಪೊಲೀಸರ ಸೊಂಟದಲ್ಲೆಲ್ಲ ಅದೇ. ಮೊದಲ ಕೆಲವು ವರ್ಷಗಳದ್ದಕ್ಕೆ ಸಂಗ್ರಾಹಕರು ಈಗಾಗಲೇ ಇದ್ದಾರೆ. ಆದರೆ ಈಗ ಬರುತ್ತಿರುವ ಲಕ್ಷಾಂತರದಲ್ಲಿ ಒಂದಕ್ಕೆ ವಿಶೇಷ ಬೆಲೆ ಬರುತ್ತದೆ ಅಂತ ನನಗನಿಸುವುದಿಲ್ಲ. ಹೇಗೂ ಅದರ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರು, ಅಂದರೆ ಆ ಅಳತೆಯ ನಳಿಗೆ ಸಾಮಾನ್ಯರಿಗೆ ಸಿಗುವುದಿಲ್ಲ. ಅದು ನಮ್ಮೂರಿನ ಮಾತಲ್ಲ.

ನಮ್ಮೂರಿನ ಮಾತು ಅಂದರೆ ಕಾನ್ಪುರ. 2014ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆ ನಿರ್ಭೀಕ್ ಎಂಬ ರಿವಾಲ್ವರ್ ತಂದಿತು. 2012ರ ದೆಹಲಿಯ ನಿರ್ಭಯಾ ಘಟನೆಯ ನೆನಪಿನಲ್ಲಿ, ಹೆಣ್ಣುಮಕ್ಕಳ ಆತ್ಮರಕ್ಷಣೆಗೆ ಅಂತ. ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆ. ಬೆಲೆ 1,22,360 ರೂಪಾಯಿ. ಯಾವ ಹೆಣ್ಣುಮಗಳು ರಾತ್ರಿ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಾಳೋ, ಅವಳ ವರ್ಷದ ಸಂಬಳ ಅಷ್ಟಿರುತ್ತದೋ ಇಲ್ಲವೋ. ಅದು ಆಗಲೇ ಟೀಕೆಯಾಗಿತ್ತು, ನ್ಯಾಯವಾದ ಟೀಕೆ. ಆದರೆ ಸಂಗ್ರಾಹಕನ ಕಣ್ಣಿಂದ ನೋಡಿದರೆ ಅದರಲ್ಲಿ ಎಲ್ಲ ಇದೆ. ಹೆಸರಿದೆ, ವರ್ಷವಿದೆ, ದೇಶವೇ ಬೀದಿಗೆ ಇಳಿದ ಒಂದು ಚಳಿಗಾಲದ ಕತೆಯಿದೆ. ಹೀಗೆ ಎಲ್ಲವೂ ಇರುವುದೇ ನನಗೆ ಅನುಮಾನ. ಚಿನ್ನದ ಲೇಪದ ವಿಂಚೆಸ್ಟರಿನಲ್ಲೂ ಎಲ್ಲ ಇತ್ತು.

ಅದಕ್ಕಿಂತ ಅದೇ ಕಾನ್ಪುರದ ಸಾಧಾರಣ .32 ರಿವಾಲ್ವರ್ ಮೇಲೆ ನಾನು ಸ್ವಲ್ಪ ಹೆಚ್ಚು ದುಡ್ಡು ಕಟ್ಟುತ್ತೇನೆ. ಕಾರಣ 2021ರ ಅಕ್ಟೋಬರ್ 1. ಅವತ್ತು ಕಾನ್ಪುರದ್ದೂ ಸೇರಿ ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ವಿಸರ್ಜನೆಯಾಗಿ, ಅದರ ಕಾರ್ಖಾನೆಗಳೆಲ್ಲ ಏಳು ಕಂಪನಿಗಳಾಗಿ ಹಂಚಿಹೋದವು. ಬ್ರಿಟಿಷರ ಕಾಲದಿಂದ ಬಂದ ಒಂದು ವ್ಯವಸ್ಥೆ ಮುಗಿಯಿತು. ಐವತ್ತು ವರ್ಷದ ಮೇಲೆ ಯಾರೋ ಕನ್ನಡಕ ಏರಿಸಿ "ಇದು ಬೋರ್ಡ್ ಕಾಲದ್ದಾ, ಕಂಪನಿ ಕಾಲದ್ದಾ" ಅಂತ ಕೇಳಿದರೆ ನನಗೇನೂ ಆಶ್ಚರ್ಯವಿಲ್ಲ.

ಆದರೆ ಕೇಳುವವನು ಇರಬೇಕಲ್ಲ. ನಮ್ಮಲ್ಲಿ ಬಂದೂಕು ಕೂಡಿಡುವುದು ಸ್ಟಾಂಪ್ ಕೂಡಿಟ್ಟ ಹಾಗಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ನೂರು ವರ್ಷ ದಾಟಿದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ, ದೇಶದಾಚೆ ಮಾರಲು ಸಾಗಿಸುವಂತಿಲ್ಲ. ಕೊಡಗಿನವರ ಮಾತು ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಅಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸುತ್ತಾರೆ. ಎಮರಿ ಪೇಪರ್ ಹಾಕುವುದಿಲ್ಲ ಅಂತ ನಂಬುತ್ತೇನೆ.

ಮಾವನ ಕೋವಿ ಒಪ್ಪಿಸಿ ಬಂದ ತಿಂಗಳಲ್ಲೇ ಬೆಂಗಳೂರಿನಿಂದ ಬಂದ ಗೆಳೆಯರ ಜೊತೆ ದುರ್ಗದ ಕೋಟೆ ಹತ್ತಿದೆ. ಮದ್ದು ಬೀಸುವ ಕಲ್ಲುಗಳ ಹತ್ತಿರ ನಾನು ಯಾವಾಗಲೂ ನಿಲ್ಲುತ್ತೇನೆ. ಹೊಂಡದೊಳಗೆ ಕೂತ ಆ ದೊಡ್ಡ ದೊಡ್ಡ ಚಕ್ರಗಳನ್ನು ಯಾರೂ ಕದಿಯಲಾಗಲಿಲ್ಲ, ಮಾರಲಾಗಲಿಲ್ಲ. ಹಾಗಾಗಿ ಉಳಿದಿವೆ. ಅವುಗಳಲ್ಲಿ ಬೀಸಿದ ಮದ್ದು ಹಾರಿಸಿದ ಕೋವಿಗಳು ಎಲ್ಲಿ ಹೋದವೋ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ. ಅವನ ಮಗ ಟಿಪ್ಪುವಿನ ಕಾಲದ ಕತ್ತಿ, ಬಂದೂಕು, ಫಿರಂಗಿಗಳು 2015ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಹರಾಜಾದವು. ಎಲ್ಲ ಸೇರಿ 60 ಲಕ್ಷ ಪೌಂಡಿನ ಆಸುಪಾಸು. ಗೆದ್ದವರು ಒಯ್ದದ್ದು ಉಳಿಯುತ್ತದೆ. ಅದೇ ಟಿಪ್ಪು ಕಾಲದ್ದೆಂದು ಹೇಳುವ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಸಿಕ್ಕಿದ್ದು ಒಂದು ಹಾಳುಬಾವಿಯ ಕೆಸರಿನಲ್ಲಿ. ಅವನ್ನು ಯಾರೂ ಜೋಪಾನ ಮಾಡಿರಲಿಲ್ಲ. ಮರೆತಿದ್ದರು ಅಷ್ಟೆ.

ಓಬವ್ವನ ಕಿಂಡಿಯ ಹತ್ತಿರ ಗೈಡು ಎಂದಿನ ಹುರುಪಿನಲ್ಲಿ ಕತೆ ಹೇಳಿದರು. ಗಂಡನಿಗೆ ನೀರು ತರಲು ಬಂದದ್ದು, ಕಿಂಡಿಯಲ್ಲಿ ತಲೆ ಕಂಡದ್ದು, ಒನಕೆ ಎತ್ತಿದ್ದು. ಗೆಳೆಯನೊಬ್ಬ ಕೇಳಿದ. "ಆ ಒನಕೆ ಮ್ಯೂಸಿಯಂನಲ್ಲಿ ಇದೆಯಾ?"

ಗೈಡು ಅವನನ್ನು ಒಂದು ಕ್ಷಣ ನೋಡಿದರು. "ಮನೇಲಿ ಇದ್ದದ್ದು ಅದೊಂದೇ ಒನಕೆ ಇರಬೇಕು ಸಾರ್. ಮಾರನೇ ದಿನ ನವಣೆ ಯಾವುದರಲ್ಲಿ ಕುಟ್ಟಬೇಕು?"

ಎಲ್ಲರೂ ನಕ್ಕರು. ನನಗೆ ಠಾಣೆಯ ಸಾಲಿನಲ್ಲಿದ್ದ ಅಜ್ಜ ನೆನಪಾದರು. ತಂತಿ ಸುತ್ತಿದ ಹಿಡಿ, ಎತ್ತಿನ ಹಗ್ಗ. ನನ್ನ ಊಹೆ ಅಲ್ಲೇ ಗಟ್ಟಿಯಾಯಿತು. ಕೆಳಗಿಳಿಯುತ್ತಾ ಮಾವನಿಗೆ ಫೋನ್ ಮಾಡಿದೆ. ನಿರ್ಭೀಕ್ ಅಲ್ಲ, ವೆಬ್ಲಿ ಅಲ್ಲ. ಕೇಪಿನ ಕೋವಿ ಅಂದೆ. ಬಿಹಾರದ ಮುಂಗೇರಿನಂಥ ಊರುಗಳ ಸಣ್ಣ ಕಾರ್ಖಾನೆಗಳಲ್ಲಿ ರೈತರಿಗಾಗಿಯೇ ಮಾಡಿದ ಒಂಟಿನಳಿಗೆಗಳು. ಮೀರ್ ಕಾಸಿಮ್ 1760ರ ದಶಕದಲ್ಲಿ ಆಯುಧದ ಕಾರ್ಖಾನೆ ಹಾಕಿದ ಊರು ಅದು. ಅಲ್ಲಿನ ಮಾಲಿಗೆ ಕ್ಯಾಟಲಾಗಿಲ್ಲ, ಪೆಟ್ಟಿಗೆಯಿಲ್ಲ, ಅಭಿಮಾನಿಗಳಿಲ್ಲ. ಹಂದಿ ಓಡಿಸಿ ಓಡಿಸಿ ಸವೆಯುತ್ತಿವೆ. ಬೇಲಿಗೆ ಕರೆಂಟು, ಸೋಲಾರ್ ಲೈಟು, ಪಟಾಕಿ ಸದ್ದಿನ ಮಷೀನು ಬಂದ ಮೇಲೆ ಹೊಸಬರು ಯಾರೂ ಕೇಳುತ್ತಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಪರವಾನಗಿ ತಮ್ಮ ಹೆಸರಿಗೆ ಮಾಡಿಸಲು ಅಲೆಯುವುದಿಲ್ಲ.

"ಅದನ್ನ ಯಾರ್ ಇಟ್ಕಂತಾರೆ?" ಅಂದರು ಮಾವ.

"ಯಾರೂ ಇಟ್ಕಳಲ್ಲ ಮಾವ. ಅದಕ್ಕೇ ಹೇಳಿದ್ದು."

ಜೂನ್ 4ಕ್ಕೆ ಫಲಿತಾಂಶ ಬಂತು. ಒಂದು ವಾರ ಬಿಟ್ಟು ಬಂದೂಕು ತರಲು ಹೋದೆವು. ರಸೀದಿ ತೋರಿಸಿ, ಸಹಿ ಮಾಡಿ, ಜಮಖಾನ ಬಿಚ್ಚಿದೆವು. ಮಾವ ಈ ಸಲ ಬಟ್ಟೆಯಿಂದ ಒರೆಸಲಿಲ್ಲ. ಅರ್ಧ ಕಿರೀಟದ ಮೇಲೆ ಬೆರಳು ಹೋಗದಂತೆ ಹಿಡಿದರು.

ಮೂಲೆಯಲ್ಲಿ ಕೇಪಿನ ಕೋವಿ ಇನ್ನೂ ನಿಂತಿತ್ತು. ಎತ್ತಿನ ಹಗ್ಗಕ್ಕೆ ನಂಬರಿನ ಚೀಟಿ ಕಟ್ಟಿತ್ತು. ಅಜ್ಜ ಬಂದಿಲ್ಲವಾ ಅಂದೆ. ಬಂದಿದ್ದರಂತೆ. ಕೋವಿ ಬೇಡ, ಪರವಾನಗಿಯೂ ಬೇಡ ಅಂತ ಬರೆದುಕೊಟ್ಟು ಹೋದರಂತೆ. "ವರ್ಷ ವರ್ಷ ತಿರುಗೋಕೆ ಕಾಲಿಲ್ಲ ಅಂದ್ರು ಸಾರ್" ಅಂದರು ಅಲ್ಲಿದ್ದ ಪೇದೆ. ಇನ್ನೇನಾಗುತ್ತೆ ಇದು ಅಂತ ಕೇಳಿದೆ. ಜಿಲ್ಲೆಗೆ ಕಳಿಸ್ತೀವಿ, ಮುಂದೆ ಕರಗಿಸೋದೇ ಇರಬೇಕು ಅಂದರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಮಾವನನ್ನು ಕೇಳಿದೆ. "ಅಜ್ಜನ ಕೋವಿಗೆ ಇವತ್ತು ಎಷ್ಟು ಬಂದೀತು ಮಾವ?"

ಮಾವ ಸೀಟ್ ಬೆಲ್ಟ್ ಎಳೆದುಕೊಂಡರು. "ಕೆಜಿ ಲೆಕ್ಕದಾಗೆ ಹೇಳ್ಲಾ?"